ಒಳ್ಳೆಯ ಚಹಾ ತಳಿ ರೂಪಿಸುವುದು ಹೇಗೆ?

ಪೊಟ್ಟಣದ ಮೇಲೆ ‘ಆಂಟಿ ಆಕ್ಸಿಡೆಂಟ್ ಭರಿತ’ ಎಂದು ಅಚ್ಚು ಹಾಕಿಸಲು ಒಂದು ದಿನ ಸಾಕು. ಆ ಗುಣವನ್ನು, ಅಂದರೆ ಜೀವಕೋಶಗಳಿಗೆ ಆಗುವ ಹಾನಿಯನ್ನು ತಡೆಯಬಲ್ಲ ವಸ್ತುಗಳನ್ನು, ಗಿಡದಲ್ಲೇ ತರಲು ಎರಡು ದಶಕವೂ ಸಾಲದು. ಕೆನ್ಯಾದ ಚಹಾ ಸಂಶೋಧಕರು 2011ರಲ್ಲಿ ಬಿಡುಗಡೆ ಮಾಡಿದ ನೇರಳೆ ಎಲೆಯ ಟಿಆರ್‌ಎಫ್‌ಕೆ 306 ತಳಿಯ ಹಿಂದೆ ಸುಮಾರು 25 ವರ್ಷಗಳ ದುಡಿಮೆಯಿದೆ.

ಮೊದಲು ಯಾವ ಚಹಾಕ್ಕಾಗಿ ತಳಿ ಬೇಕು ಎಂಬುದನ್ನು ನಿರ್ಧರಿಸಬೇಕು. ಚಿಗುರಿನಲ್ಲಿರುವ ಮುಖ್ಯ ಆಂಟಿ ಆಕ್ಸಿಡೆಂಟ್‌ಗಳು ಕ್ಯಾಟೆಚಿನ್‌ಗಳು. ಮೊಗ್ಗು ಮತ್ತು ಅದರ ಕೆಳಗಿನ ಎರಡು ಎಲೆಗಳಲ್ಲಿ ಅವು ಹೆಚ್ಚು, ಎಲೆ ಬಲಿತಂತೆ ಕಡಿಮೆ. ಹಸಿರು ಚಹಾ ಮಾಡುವವರು ಎಲೆಯನ್ನು ಬೇಗನೆ ಬಿಸಿ ಮಾಡಿ ಕಿಣ್ವವನ್ನು ನಿಷ್ಕ್ರಿಯಗೊಳಿಸುವುದರಿಂದ ಕ್ಯಾಟೆಚಿನ್ ಬಹುಪಾಲು ಹಾಗೆಯೇ ಉಳಿಯುತ್ತದೆ. ಕಪ್ಪು ಚಹಾದಲ್ಲಿ ಅದೇ ಕಿಣ್ವ ಕ್ಯಾಟೆಚಿನ್‌ಗಳನ್ನು ಥಿಯಾಫ್ಲೇವಿನ್, ಥಿಯಾರೂಬಿಜಿನ್‌ಗಳಾಗಿ ಬದಲಿಸುತ್ತದೆ. ಬಣ್ಣ, ಖಡಕ್‌ತನ ಎರಡೂ ಅಲ್ಲಿಂದಲೇ.

ಎರಡನೆಯದು ತಾಯಿಗಿಡದ ಹುಡುಕಾಟ. ಚಹಾ ಹೂವು ತನ್ನದೇ ಪರಾಗವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ಬೀಜದಿಂದ ಬೆಳೆದ ಹಳೆಯ ತೋಟದಲ್ಲಿ ಪ್ರತಿ ಗಿಡದ ಗುಣವೂ ಬೇರೆ. ಅವುಗಳಲ್ಲೇ ಆರಿಸಬಹುದು. ಅಥವಾ ಮೊಗ್ಗಿನಲ್ಲೇ ಕೇಸರಗಳನ್ನು ತೆಗೆದು, ಬೇಕಾದ ತಂದೆಗಿಡದ ಪರಾಗ ಸವರಿ, ಹೂವಿಗೆ ಚೀಲ ಕಟ್ಟಬಹುದು. ಕಾಯಿ ಬಲಿಯಲು ಹೆಚ್ಚುಕಡಿಮೆ ಒಂದು ವರ್ಷ. ಬೀಜ ಒಣಗಿದರೆ ಬೇಗ ಸಾಯುತ್ತದೆ. ನೀರಿಗೆ ಹಾಕಿ, ಮುಳುಗಿದ್ದನ್ನು ಮಾತ್ರ ತಡಮಾಡದೆ ಬಿತ್ತಬೇಕು.

ಮುಂದಿನದು ಜರಡಿ. ಕಪ್ಪು ಚಹಾಕ್ಕೆ ಒಂದು ಅಗ್ಗದ ಉಪಾಯವಿದೆ: ಚಿಗುರನ್ನು ಕ್ಲೋರೊಫಾರ್ಮ್ ಆವಿಯಲ್ಲಿಡುವುದು. ಆವಿ ಜೀವಕೋಶದ ಪೊರೆಗಳನ್ನು ಕೆಡಿಸಿ ಕಿಣ್ವಕ್ಕೂ ಕ್ಯಾಟೆಚಿನ್‌ಗೂ ಭೇಟಿ ಮಾಡಿಸುತ್ತದೆ. ಎಲೆ ಬೇಗ ತಾಮ್ರದ ಬಣ್ಣಕ್ಕೆ ತಿರುಗಿದರೆ ಗಿಡ ಪರವಾಗಿಲ್ಲ. ಹಸಿರಾಗಿಯೇ ಉಳಿದರೆ ಕೈಬಿಡಬಹುದು. ಉಳಿದವುಗಳ ಒಟ್ಟು ಪಾಲಿಫಿನಾಲ್ (ಕ್ಯಾಟೆಚಿನ್‌ಗಳು ಸೇರಿರುವ ರಾಸಾಯನಿಕ ಗುಂಪು) ಅನ್ನು ಫೋಲಿನ್–ಸಿಯೊಕಾಲ್ಟಿಯೊ ವಿಧಾನದಲ್ಲಿ, ಒಂದೊಂದು ಕ್ಯಾಟೆಚಿನ್ ಅನ್ನು ದ್ರಾವಣದ ಘಟಕಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅಳೆಯುತ್ತಾರೆ. ಆಂಟಿ ಆಕ್ಸಿಡೆಂಟ್ ಶಕ್ತಿಯನ್ನು ತಿಳಿಯಲು ಡಿಪಿಪಿಎಚ್ ಎಂಬ ನೇರಳೆ ದ್ರಾವಣವನ್ನು ಹಳದಿಯಾಗಿಸುವ ಪರೀಕ್ಷೆಯೂ ಉಂಟು. ಆದರೆ ಅದು ಗಾಜಿನ ನಳಿಕೆಯ ವಿದ್ಯಮಾನ. ಕುಡಿದ ಕ್ಯಾಟೆಚಿನ್‌ನಲ್ಲಿ ಸ್ವಲ್ಪ ಭಾಗವಷ್ಟೇ ರಕ್ತಕ್ಕೆ ಸೇರುತ್ತದೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಗೆದ್ದ ಗಿಡದ ಬೀಜ ಬಿತ್ತಿದರೆ ಅದರ ಗುಣ ಮತ್ತೆ ಚೆದುರುತ್ತದೆ. ಆದ್ದರಿಂದ ಒಂದು ಎಲೆ, ಒಂದು ಗಿಣ್ಣು ಇರುವ ಗೇಣಿಗಿಂತ ಚಿಕ್ಕ ಕಡ್ಡಿಯನ್ನು ಕತ್ತರಿಸಿ, ಆಮ್ಲೀಯ ಮಣ್ಣು ತುಂಬಿದ ಚೀಲದಲ್ಲಿ, ನೆರಳಿನಡಿ ಬೇರು ಬರಿಸಬೇಕು.

ನಿಜವಾದ ಕಾಯುವಿಕೆ ಶುರುವಾಗುವುದು ಇಲ್ಲಿಂದ. ಸಸಿಗಳನ್ನು ಬೇರೆ ಬೇರೆ ಎತ್ತರ, ಮಣ್ಣುಗಳಲ್ಲಿ ನೆಟ್ಟು ಹಲವು ವರ್ಷ ಇಳುವರಿ, ರೋಗ, ಬರ ಎಲ್ಲವನ್ನೂ ನೋಡಬೇಕು. ತಮಿಳುನಾಡಿನ ವಾಲ್ಪಾರೈನಲ್ಲಿರುವ ಉಪಾಸಿ (ದಕ್ಷಿಣ ಭಾರತದ ತೋಟಗಾರರ ಸಂಘ) ಸಂಶೋಧನಾ ಕೇಂದ್ರದ ಉಪಾಸಿ-9 ತಳಿ ಹೆಸರು ಮಾಡಿದ್ದೇ ಬರ ತಾಳುವ ಗುಣದಿಂದ. ಪರಿಸರವೂ ರಸಾಯನವನ್ನು ಬದಲಿಸುತ್ತದೆ: ಜಪಾನಿನಲ್ಲಿ ಮಚ್ಚಾ ಎಂಬ ಹಸಿರು ಚಹಾ ಪುಡಿಯ ಎಲೆಗೆ ನೆರಳು ಹೊದಿಸಿದಾಗ ಕ್ಯಾಟೆಚಿನ್ ಇಳಿದು, ಮೃದು ರುಚಿ ಕೊಡುವ ಥಿಯಾನಿನ್ ಏರುತ್ತದೆ.

ಕೊನೆಗೆ ಪುಟ್ಟ ಯಂತ್ರದಲ್ಲಿ ಚಹಾ ತಯಾರಿಸಿ ರುಚಿಗಾರರ ಮುಂದಿಡುತ್ತಾರೆ. ನನ್ನ ಮಟ್ಟಿಗೆ ಇದೇ ನಿರ್ಣಾಯಕ ಹೆಜ್ಜೆ. ಕ್ಯಾಟೆಚಿನ್ ಅತಿಯಾದರೆ ನಾಲಿಗೆ ಒಗರಿಗೆ ಜಡ್ಡುಗಟ್ಟುತ್ತದೆ; ಅಂಥ ಚಹಾವನ್ನು ಆರೋಗ್ಯದ ಹೆಸರಲ್ಲಿ ಎಷ್ಟು ದಿನ ಕುಡಿಸಬಹುದು?

ತಳಿ ಬಿಡುಗಡೆಯಾದ ಮೇಲೆ ಬೆಳೆಗಾರರಿಗೊಂದು ಮಾತು: ಇಡೀ ತೋಟಕ್ಕೆ ಒಂದೇ ಕ್ಲೋನ್ (ಒಂದೇ ತಾಯಿಗಿಡದ ಕಡ್ಡಿಗಳಿಂದ ಬೆಳೆಸಿದ ಗಿಡಗಳು) ನೆಡಬೇಡಿ. ಎಲ್ಲ ಗಿಡಗಳೂ ಒಂದೇ ಅಚ್ಚಿನವಾದ್ದರಿಂದ ಒಂದಕ್ಕೆ ತಗುಲಿದ ರೋಗಕ್ಕೆ ಉಳಿದವೂ ಅಷ್ಟೇ ಸುಲಭದ ತುತ್ತು. ತೋಟವನ್ನು ಭಾಗ ಮಾಡಿ, ಮೂರ್ನಾಲ್ಕು ತಳಿಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಹಾಕಿ.