ಕಬ್ಬಿಣ ಮ್ಯೂಟ್ ಮಾಡಿದ್ರೆ ನಮ್ಮ ನಾಣ್ಯವೂ ಮ್ಯೂಟ್: ಬಾಕಿಮಾರು ಗದ್ದೆಯಲ್ಲಿ ನನ್ನ ಅನುಭವ

ಉಡುಪಿಯ ಕಟಪಾಡಿ ಹತ್ರದ ಒಂದು ಬಾಕಿಮಾರು ಗದ್ದೆಗೆ (ನೇಮ, ಆಟ ನಡೆಯುವ ದೊಡ್ಡ ಗದ್ದೆ) ಹಳೆಯ ನಾಣ್ಯ ಹುಡುಕ್ಲಿಕ್ಕೆ ಮೆಟಲ್ ಡಿಟೆಕ್ಟರ್ ಮೆಷಿನ್ ತಕೊಂಡು ಹೋಗ್ತೇನೆ ಅಂದಾಗ ಇದೇ ಹವ್ಯಾಸದ ನಮ್ಮ ಬಳಗದ ಮೂರು ಜನ ಬೇಡವೇ ಬೇಡ ಅಂದಿದ್ರು. ಅದರಲ್ಲಿ ಇಬ್ಬರು ಮೊದಲೇ ಅಲ್ಲಿ ತಿರುಗಿ ಬಿಟ್ಟುಬಂದವರು. "ಅದು ಮೊಳೆ ಬಿತ್ತಿದ ಗದ್ದೆ ಮಾರಾಯಾ, ಕಿವಿ ಹಾಳು ಮಾಡ್ಕೊಳ್ಬೇಡ" ಅಂದ ಒಬ್ಬ. ಸುಳ್ಳಲ್ಲ. ವರ್ಷವೂ ದೈವದ ನೇಮ, ಆಗಾಗ ಯಕ್ಷಗಾನ ಆಟ, ಹಿಂದೆ ಡೇರೆ ಹಾಕಿ ಆಡುವ ಮೇಳವೂ ಬರ್ತಿತ್ತಂತೆ, ಹಾಗಾಗಿ ಚಪ್ಪರದ ಮೊಳೆ, ಸರಿಗೆ, ಸೋಡಾ ಬಾಟ್ಲಿ ಮುಚ್ಚಳ, ಸಿಗರೇಟಿನ ಬೇಗಡೆ ಎಲ್ಲ ಟಿಲ್ಲರ್‌ನಲ್ಲಿ ಉತ್ತು ಉತ್ತು ನೆಲದ ತುಂಬ ಹರಡಿದೆ. ಆದ್ರೆ ಅಷ್ಟು ಜನ ನೆಲದಲ್ಲಿ ಕೂತು ಬೆಳಗಿನ ತನಕ ಆಟ ನೋಡಿದ ಜಾಗದಲ್ಲಿ ಚಿಲ್ಲರೆ ಬೀಳದೆ ಇರ್ತದಾ? ಈಗ ಎರಡು ಬೇಸಗೆ ಮುಗಿದಿದೆ, ನನ್ನ ಡಬ್ಬಿಯಲ್ಲಿ ಆ ಒಂದೇ ಗದ್ದೆಯ 230ರ ಹತ್ರ ನಾಣ್ಯ ಉಂಟು.

ಮೊದಲ ವರ್ಷ ಪೂರ್ತಿ ಹಾಳು. ನನ್ನದು ಈಕ್ವಿನಾಕ್ಸ್ 600, ಬಾವ ದುಬಾಯಿಂದ ಬರುವಾಗ ತಂದದ್ದು, ಆಗ ಒಟ್ಟು 45 ಸಾವಿರ ಆಯ್ತು ಅಂತ ನೆನಪು. ಅದಕ್ಕೂ ಮೊದಲು ಆನ್‌ಲೈನಲ್ಲಿ ಹೆಸರಿಲ್ಲದ ಒಂದು ಮೆಷಿನಿಗೆ ಐದು ಸಾವಿರ ಸುರಿದಿದ್ದೆ, ಅದು ಎರಡು ತಿಂಗಳಲ್ಲಿ ಸತ್ತಿತು. ಈಕ್ವಿನಾಕ್ಸ್ ಬಂದ ಮೇಲೆ ವಿಡಿಯೋ ನೋಡಿ ನೋಡಿ ಪಾರ್ಕ್ 1 ಮೋಡ್, ಸೆನ್ಸಿಟಿವಿಟಿ 22, ಕಬ್ಬಿಣ ಕಟ್ (ಕಬ್ಬಿಣಕ್ಕೆ ಸದ್ದೇ ಬರದ ಹಾಗೆ), 11 ಇಂಚಿನ ಕಾಯಿಲ್ (ನೆಲದ ಮೇಲೆ ಬೀಸುವ ತಟ್ಟೆ), ಹಾಗೇ ಬೀಸಿದೆ. ಮೂರು ಆದಿತ್ಯವಾರಕ್ಕೆ ಸಿಕ್ಕಿದ್ದು ಒಂಬತ್ತು. ಸಿಗ್ನಲ್ ಯಾವ ಲೋಹದ್ದು ಅಂತ ಸ್ಕ್ರೀನಲ್ಲಿ ಒಂದು ನಂಬರ್ ಬರ್ತದೆ, ಕಬ್ಬಿಣಕ್ಕೆ ಮೈನಸ್, ಬೇರೆಯದಕ್ಕೆ ಪ್ಲಸ್; ಬೇಗಡೆ ಕಾಟ ತಡೆಯದೆ ಪ್ಲಸ್ಸಿನ ಕೆಳಗಿನ ನಂಬರುಗಳನ್ನೂ ಹೊಡೆದು ಹಾಕಿದೆ, ಮುಂದಿನ ವಾರ ಒಂದೂ ಇಲ್ಲ. ಹಳೆಯ ನಾಲ್ಕಾಣೆ, ಎಂಟಾಣೆ ಕ್ಯುಪ್ರೋನಿಕಲ್ ಅಲ್ವಾ, ಅವು ಬೇಗಡೆಯ ನಂಬರಿನ ಹತ್ತಿರವೇ ಬರುದು.

ತಲೆಗೆ ಹೊಳೆದದ್ದು ಮನೆಯಲ್ಲಿ. ಸಿಕ್ಕಿದ ಒಂಬತ್ತನ್ನೂ ತೊಳೆದು ಮೇಜಿನ ಮೇಲೆ ಇಟ್ಟು ನೋಡಿದ್ರೆ ಎಲ್ಲ ಹಳೆಯ ಕ್ಯುಪ್ರೋನಿಕಲ್, ಸ್ಟೀಲಿನದ್ದು ಒಂದೂ ಇಲ್ಲ. ಜನರ ಕಿಸೆಯಲ್ಲಿ ಜಾಸ್ತಿ ಇದ್ದದ್ದೇ ಸ್ಟೀಲಿನದ್ದು, ಅದು ಎಲ್ಲಿ ಹೋಯ್ತು? ಫ್ರಿಜ್ಜಿನ ಮೇಲಿನ ಅಯಸ್ಕಾಂತ ತಂದು ಮನೆಯ ಚಿಲ್ಲರೆ ಡಬ್ಬಿಗೆ ಇಳಿಸಿದೆ, ಗೊಂಚಲು ಗೊಂಚಲಾಗಿ ಅಂಟಿ ಬಂತು. 1988ರಿಂದ ಬಂದ ಸ್ಟೀಲಿನ 10, 25, 50 ಪೈಸೆ, 1992ರಿಂದ ಬಂದ ಸ್ಟೀಲಿನ ಒಂದು ರೂಪಾಯಿ, ಎಲ್ಲ ಅಯಸ್ಕಾಂತಕ್ಕೆ ಹಿಡಿಯುವ ಜಾತಿ. ಹೊರದೇಶದವರು ಕಬ್ಬಿಣ ಕಟ್ ಮಾಡಿ ಅನ್ನುದು ಅವರ ಹಳೆಯ ನಾಣ್ಯಕ್ಕೆ ಸರಿ, ನಮ್ಮ ನೆಲದಲ್ಲಿ ಹಾಗೆ ಮಾಡಿದ್ರೆ ನಮ್ಮ ನಾಣ್ಯವನ್ನೇ ಬಾಯಿ ಮುಚ್ಚಿಸಿದ ಹಾಗೆ.

ಮತ್ತೆ ಎಲ್ಲ ತಲೆಕೆಳಗು ಮಾಡಿದೆ. ಹಾರ್ಸ್‌ಶೂ ಬಟನ್ ಒತ್ತಿ ಪೂರ್ತಿ ಓಪನ್, ಯಾವ ನಂಬರಿಗೂ ಬೀಗ ಇಲ್ಲ. ಕಬ್ಬಿಣದ ಟೋನ್ ವಾಲ್ಯೂಮ್ ಮಾತ್ರ ಗುನುಗುವಷ್ಟಕ್ಕೆ ಇಳಿಸಿದೆ, ಸೊನ್ನೆ ಅಲ್ಲ. ರಿಕವರಿ (ಒಂದು ಸಿಗ್ನಲ್ ಮುಗಿಸಿ ಮುಂದಿನದ್ದು ಹಿಡಿಯುವ ವೇಗ) 3, ಐರನ್ ಬಯಾಸ್ (ಸಂಶಯದ ಸಿಗ್ನಲನ್ನು ಕಬ್ಬಿಣ ಅಂತ ತಳ್ಳುವ ಒಲವು) 0. ಸೆನ್ಸಿಟಿವಿಟಿ 14ಕ್ಕೆ ಇಳಿಸಿದ್ದಕ್ಕೆ ಎಲ್ಲರೂ ಬೈದದ್ದು, ಆಳ ಹೋಗುದಿಲ್ಲ ಅಂತ. ಎಂತಕ್ಕೆ ಆಳ? ನನಗೆ ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ನಾಲ್ಕೈದು ಇಂಚಿನ ಒಳಗೆ, ಉಳುಮೆಯ ಕೆಳಗಿನ ಗಟ್ಟಿ ಮಣ್ಣಿನ ಮೇಲೆ ಕೂತದ್ದು. ಜೊತೆಗೆ 6 ಇಂಚಿನ ಕಾಯಿಲ್, ಅದಕ್ಕೆ ಬೇರೆ 13-14 ಸಾವಿರ, ಮನೆಯಲ್ಲಿ ಒಂದು ವಾರ ಮಾತಿಲ್ಲ. ಆದ್ರೆ ಈ ಕೆಲಸದಲ್ಲಿ ಖರ್ಚು ಮಾಡಿದ ದುಡ್ಡಿನಲ್ಲಿ ಸಾರ್ಥಕ ಆದದ್ದು ಅದೇ, ಯಾಕಂದ್ರೆ ದೊಡ್ಡ ಕಾಯಿಲಿನ ಅಡಿಗೆ ಒಟ್ಟಿಗೆ ನಾಲ್ಕು ಮೊಳೆ ಬಂದ್ರೆ ನಡುವಿನ ನಾಣ್ಯ ಮಾತಾಡುದೇ ಇಲ್ಲ.

ಬೀಸುದು ನಿಧಾನ, ಭಾರಿ ನಿಧಾನ. ಸ್ಟೀಲ್ ನಾಣ್ಯದ ನಂಬರ್ ಮೈನಸ್ಸಿನಿಂದ ಪ್ಲಸ್ಸಿಗೆ ಹಾರ್ತದೆ, ಸ್ಕ್ರೀನ್ ನೋಡಿದ್ರೆ ಮೋಸ ಹೋಗ್ತೀರಿ, ಕಿವಿಯೇ ಗತಿ. ಸಿಗ್ನಲ್ ಸಿಕ್ಕಿದಲ್ಲಿ ಕಾಲು ಸುತ್ತು ತಿರುಗಿ ಅಡ್ಡದಿಂದ ಬೀಸಿ. ಮೊಳೆ ಆದ್ರೆ ಒಂದು ದಿಕ್ಕಿಗೆ ಹಾಡಿ ಇನ್ನೊಂದು ದಿಕ್ಕಿಗೆ ಒಡೀತದೆ, ನಾಣ್ಯ ದುಂಡಗೆ ಇರುದ್ರಿಂದ ಎರಡೂ ಕಡೆ ಒಂದೇ ಹಾಗೆ ಚಿಕ್ಕದಾಗಿ ಕಡಿದು ಕೇಳ್ತದೆ. ಬಾಟ್ಲಿ ಮುಚ್ಚಳವೂ ದುಂಡಗೆ ಅಂತ ಕೇಳ್ಬಹುದು, ಹೌದು, ನನ್ನನ್ನು ಅತೀ ಹೆಚ್ಚು ಸತಾಯಿಸಿದ್ದು ಅದೇ. ಕಾಯಿಲನ್ನು ನಿಮ್ಮ ಕಡೆಗೆ ಮೆಲ್ಲ ಎಳೀರಿ, ಅಂಚು ದಾಟುವಾಗ ಮುಚ್ಚಳ ಗರ್ ಅಂತ ಬಾಲ ಬಿಡ್ತದೆ. ನಾಣ್ಯದ್ದು ಬೇರೆ ತರ. ಟೋನ್ ಬ್ರೇಕ್ (ಯಾವ ನಂಬರಿಗೆ ಸ್ವರ ಬದಲಾಗ್ಬೇಕು ಅನ್ನುವ ಗಡಿ) ಎಷ್ಟಕ್ಕೆ ಇಟ್ಟಿದ್ದೇನೆ ಅಂತ ಮಾತ್ರ ಇಲ್ಲಿ ಹೇಳುದಿಲ್ಲ, ಅದಕ್ಕೆ ನನ್ನ ಒಂದು ಮಳೆಗಾಲ ಪೂರ್ತಿ ಹೋಗಿದೆ.

ಆ ಮಳೆಗಾಲ ಹೋದದ್ದು ಅಮ್ಮನ ಮಲ್ಲಿಗೆ ಗಿಡದ ಬುಡದಲ್ಲಿ. ಅಲ್ಲಿ ಒಂದು ರೂಪಾಯಿ, ಅದರ ಬದಿಗೆ ಮೊಳೆ, ಮೇಲೆ ಮುಚ್ಚಳ ಹೀಗೆ ಹೂತು ದಿನಾ ಸಂಜೆ ಬೀಸುದು. ಎರಡು ಗಿಡದ ಬೇರು ಅಲುಗಿ ಹೂ ಕಮ್ಮಿ ಆಯ್ತು ಅಂತ ಅಮ್ಮನಿಗೆ ಈಗಲೂ ಬೇಸರ. ಅದೇ ಸೆಟ್ಟಿಂಗ್ ಹಿಡ್ಕೊಂಡು ಕಾಪು ಬೀಚಿಗೂ ಹೋಗಿ ನೋಡಿದೆ, ಒದ್ದೆ ಮರಳಲ್ಲಿ ಒಂದು ನಿಮಿಷ ನಿಲ್ಲಲಿಲ್ಲ, ಉಪ್ಪುನೀರಿಗೆ ಬೀಚ್ ಮೋಡೇ ಆಗ್ಬೇಕು, ಆ ಮೋಡಿನಲ್ಲಿ ಸಿಕ್ಕಿದ್ದು ಬೀಸುಬಲೆಯ ಸೀಸದ ಗುಂಡು ಒಂದು ಮುಷ್ಟಿ.

ಗದ್ದೆಗೆ ಬಂದ್ರೆ, ಹೊಸ ಸೆಟ್ಟಿಂಗಿನ ಮೊದಲ ದಿನ ನಾಲ್ಕು ಗಂಟೆಯಲ್ಲಿ 31 ನಾಣ್ಯ, ಅದರಲ್ಲಿ 20ರ ಮೇಲೆ ಸ್ಟೀಲ್. ಆಮೇಲೆ 1975ರ ದೊಡ್ಡ ಒಂದು ರೂಪಾಯಿ ಎರಡು, 1936ರ ಒಂದು ಕಾಲಾಣೆ ಬಂತು, ತಾಮ್ರದ ಹಾಗೆ ಚಂದದ ಸ್ವರ ಅದರದ್ದು. ಕೋಳಿ ಕಾಲಿಗೆ ಕಟ್ಟುವ ಒಂದು ಬಾಳು ಬೆರಳು ಸೀಳಿತು, ಟಿಟಿ ಹಾಕಿಸ್ಕೊಂಡೆ, ಕೋಳಿ ಅಂಕ ನಡೆದ ಜಾಗದಲ್ಲಿ ಕೈಗವಸು ಬಿಟ್ಟು ಅಗೀಬೇಡಿ. ಮತ್ತೆ ಗದ್ದೆಯವರ ಒಪ್ಪಿಗೆ ಬೇಕೇ ಬೇಕು, ಹೂತಿಟ್ಟ ಗಂಟು ಏನಾದ್ರೂ ಸಿಕ್ಕಿದ್ರೆ ಕರ್ನಾಟಕದ 1962ರ ನಿಧಿ ಕಾಯ್ದೆ ಉಂಟು, ಜಿಲ್ಲಾಧಿಕಾರಿಗೆ ತಿಳಿಸ್ಬೇಕು. ಕಾಲಾಣೆಯನ್ನು ನಾನು ಗದ್ದೆಯ ಅಜ್ಜಿಗೆ ಕೊಟ್ಟೆ, ಅವರು ಅದನ್ನು ದೇವರ ಕೋಣೆಯಲ್ಲಿ ಇಟ್ಟಿದ್ದಾರೆ.

ಬಡಗು ಬದಿ ಇನ್ನೂ ಬಾಕಿ. ಅಲ್ಲಿ ಟೆಂಪೋ ಇಳಿಸ್ಲಿಕ್ಕೆ ಮುರಕಲ್ಲು ಪುಡಿ ಹಾಕಿದ್ದಾರೆ, ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸದ್ದು ಅಡಗಿಸುವ ಹೊಂದಿಕೆ) ಎರಡು ಹೆಜ್ಜೆಗೊಮ್ಮೆ ಮಾಡಿದ್ರೂ ಕೆಂಪು ಕಲ್ಲೇ ಕೂಗ್ತದೆ. ಚರ್ಮುರಿ ಅಂಗಡಿ ಇಡ್ತಿದ್ದದ್ದು ಅಲ್ಲಿಯೇ ಅಂತೆ. ಸುಗ್ಗಿ ಕೊಯ್ಲು ಆಗಿ ಮಣ್ಣಲ್ಲಿ ಸ್ವಲ್ಪ ಪಸೆ ಇರುವಾಗ ಅಲ್ಲಿಂದ ಶುರು ಮಾಡ್ತೇನೆ.