ಡ್ರೈಡಾಕ್ ಮುಗಿಸಿದ ಎಲ್‌ಪಿಜಿ ಹಡಗಿಗೆ ಮೊದಲ ಪ್ರೊಪೇನ್: ಟ್ಯಾಂಕ್ ಸಿದ್ಧಪಡಿಸುವ ನನ್ನ ಕ್ರಮ

ಡ್ರೈಡಾಕ್‌ನಿಂದ, ಅಂದರೆ ನೀರು ಬತ್ತಿಸಿದ ರಿಪೇರಿ ಕಟ್ಟೆಯಿಂದ, ಹೊರಬಿದ್ದ ಎಲ್‌ಪಿಜಿ ಹಡಗಿನ ಟ್ಯಾಂಕುಗಳಲ್ಲಿ ಇರುವುದು ಬರೀ ಗಾಳಿ. ಸೌದಿಯ ರಾಸ್ ತನೂರಾದಲ್ಲೋ ಯುಎಇಯ ರುವೈಸ್‌ನಲ್ಲೋ ಕಾದಿರುವ ಪ್ರೊಪೇನ್ ಮೈನಸ್ 42 ಡಿಗ್ರಿಯ ದ್ರವ. ಒಂದನ್ನು ತೆಗೆದು ಇನ್ನೊಂದನ್ನು ತುಂಬುವ ಮುಂಚೆ ಟ್ಯಾಂಕ್ ಒಣಗಬೇಕು, ಅದರೊಳಗಿನ ಆಮ್ಲಜನಕ ಹೋಗಬೇಕು, ಪ್ರೊಪೇನ್ ಆವಿ ತುಂಬಬೇಕು, ಕೊನೆಗೆ ಉಕ್ಕು ತಣಿಯಬೇಕು. ಚೀಫ್ ಆಫೀಸರ್ ಆಗಿ ಈ ಕೆಲಸವನ್ನು ನಾನು ನಡೆಸುವ ಬಗೆ ಇಲ್ಲಿದೆ. ಲೆಕ್ಕಕ್ಕೆ ಹಿಡಿದಿರುವುದು 84,000 ಘನ ಮೀಟರಿನ ಹಡಗು: ಟೈಪ್ ಎ ಮಾದರಿಯ (ಹಡಗಿನ ಒಡಲೊಳಗೆ ಬೇರೆಯಾಗಿ ನಿಲ್ಲಿಸಿದ) ನಾಲ್ಕು ಟ್ಯಾಂಕ್, ಬುಡದಿಂದ ದ್ರವ ಎತ್ತಲು ಟ್ಯಾಂಕಿಗೆರಡು ಡೀಪ್‌ವೆಲ್ ಪಂಪ್, ಸುಮಾರು 0.25 ಬಾರ್‌ಗೆ ತೆರೆದುಕೊಳ್ಳುವ ಸೇಫ್ಟಿ ವಾಲ್ವ್. ತುಂಬಿದರೆ ಸುಮಾರು 45,000 ಟನ್. ನಮ್ಮ ಅಡುಗೆಮನೆಯ 14.2 ಕೆಜಿ ಸಿಲಿಂಡರಿನ ಲೆಕ್ಕದಲ್ಲಿ 31 ಲಕ್ಷಕ್ಕೂ ಹೆಚ್ಚು. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಇಳಿಯುವ ಗ್ಯಾಸ್ ಕೂಡ ಬರುವುದು ಗ್ಯಾಸ್ ಹಡಗುಗಳಲ್ಲೇ.

ಈ ನಾಲ್ಕು ಹಂತಗಳಲ್ಲಿ ಒಣಗಿಸುವುದಕ್ಕೇ ನಾನು ಹೆಚ್ಚು ಸಮಯ ಕೇಳುವುದು. ಮೇಲಿನವರಿಗೆ ಅವಸರ, ಹಾಗಾಗಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ. 30 ಡಿಗ್ರಿಯ ಗಾಳಿ ಪೂರ್ತಿ ತೇವವಾಗಿದ್ದರೆ ಒಂದು ಘನ ಮೀಟರಿನಲ್ಲಿ 30 ಗ್ರಾಂ ನೀರಿನ ಆವಿ ಇರುತ್ತದೆ. 84,000 ಘನ ಮೀಟರಿಗೆ ಎರಡೂವರೆ ಟನ್ ನೀರಾಯಿತು. ಕಣ್ಣಿಗೆ ಒಂದು ಹನಿಯೂ ಕಾಣದ ಟ್ಯಾಂಕಿನ ಲೆಕ್ಕ ಇದು. ತಣಿಸಲು ಶುರುಮಾಡಿದರೆ ಅಷ್ಟೂ ಮಂಜುಗಡ್ಡೆಯಾಗಿ ಪಂಪಿನ ಬುಡ, ಸ್ಪ್ರೇ ನಳಿಕೆಯ ತೂತು, ವಾಲ್ವಿನ ಕೂರುವ ಜಾಗ ಎಲ್ಲೆಲ್ಲಿ ಬೇಡವೋ ಅಲ್ಲಿ ಕೂರುತ್ತದೆ. ಮಂಜುಗಡ್ಡೆಯಾದರೂ ವಾಸಿ, ಹೈಡ್ರೇಟ್ ಇನ್ನೂ ಕೆಟ್ಟದ್ದು. ನೀರು ಮತ್ತು ಪ್ರೊಪೇನ್ ಸೇರಿ ಆಗುವ ಈ ಬಿಳಿ ಗಟ್ಟಿ, ಒತ್ತಡವಿದ್ದರೆ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲೂ ಹುಟ್ಟುತ್ತದೆ. ಆವಿಯನ್ನು ಮತ್ತೆ ದ್ರವ ಮಾಡುವ ರೀಲಿಕ್ವಿಫ್ಯಾಕ್ಷನ್ ಪ್ಲಾಂಟಿನ ಎಕ್ಸ್‌ಪಾನ್ಷನ್ ವಾಲ್ವ್ ಕಟ್ಟಿಕೊಳ್ಳುವುದು ಬಹಳ ಸಲ ಇದರಿಂದಲೇ.

ಉರಿಯಲು ಬಿಡದ ಗ್ಯಾಸ್ ತಯಾರಿಸುವ ಇನರ್ಟ್ ಗ್ಯಾಸ್ ಪ್ಲಾಂಟಿನ ಡ್ರೈಯರ್ ಮೂಲಕ ಒಣ ಗಾಳಿ ಹಾಯಿಸುತ್ತೇವೆ. ಪ್ಲಾಂಟಿನ ಬಾಯಲ್ಲಿ ತೋರುವ ಡ್ಯೂ ಪಾಯಿಂಟನ್ನು (ಗಾಳಿಯ ತೇವ ಹನಿಯಾಗತೊಡಗುವ ಉಷ್ಣತೆ) ನಂಬಿ ಮುಂದೆ ಹೋಗಬಾರದು, ನೋಡಬೇಕಾದದ್ದು ಟ್ಯಾಂಕಿನಿಂದ ಹೊರಬರುವ ಗಾಳಿಯದ್ದು. ಅದು ಮೈನಸ್ 25ರ ಕೆಳಗೆ ಇಳಿದು, ಪ್ಲಾಂಟ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅಳೆದಾಗಲೂ ಅಲ್ಲೇ ನಿಂತಿರಬೇಕು. ಮತ್ತೆ ಏರಿತು ಎಂದರೆ ಎಲ್ಲೋ ನೀರು ನಿಂತಿದೆ ಎಂದೇ ಅರ್ಥ. ಹುಡುಕಬೇಕಾದ ಜಾಗಗಳು ಹೆಚ್ಚುಕಡಿಮೆ ಯಾವ ಹಡಗಿನಲ್ಲೂ ಅವೇ: ಪಂಪ್ ಸಂಪು, ಲಿಕ್ವಿಡ್ ಲೈನಿನ ತಗ್ಗು, ಸ್ಪ್ರೇ ಲೈನಿನ ಕೊನೆ, ಕಾರ್ಗೋ ಹೀಟರ್, ಮ್ಯಾನಿಫೋಲ್ಡ್ ಡ್ರೈನ್, ಸೇಫ್ಟಿ ವಾಲ್ವಿನ ಸಣ್ಣ ಪೈಲಟ್ ಪೈಪು. ಡಾಕ್‌ನಲ್ಲಿ ಯಾವುದಾದರೂ ಪೈಪಿಗೆ ನೀರಿನ ಒತ್ತಡದ ಪರೀಕ್ಷೆ ಮಾಡಿದ್ದರೆ ಮೊದಲು ಅದರ ಡ್ರೈನ್ ಪ್ಲಗ್ ಬಿಚ್ಚಿಸುತ್ತೇನೆ.

ಇನರ್ಟ್ ಮಾಡುವುದರಲ್ಲಿ ಹೇಳುವಂಥದ್ದು ಕಡಿಮೆ. ನಮ್ಮ ಪ್ಲಾಂಟಿನ ಗ್ಯಾಸಿನಲ್ಲಿ ಸುಮಾರು 85 ಪಾಲು ಸಾರಜನಕ, 14 ಪಾಲು ಇಂಗಾಲದ ಡೈಆಕ್ಸೈಡ್. ಗಾಳಿಗಿಂತ ತುಸು ಭಾರ, ಆದ್ದರಿಂದ ಕೆಳಗಿನಿಂದ ಬಿಟ್ಟು ಗಾಳಿಯನ್ನು ಮೇಲಿನಿಂದ ಹೊರಹಾಕುವುದು. ಆಮ್ಲಜನಕ 5 ಪ್ರತಿಶತದ ಕೆಳಗಿದ್ದರೆ ಸಾಕು ಎನ್ನುತ್ತಾರೆ, ನಾನು 2ಕ್ಕೆ ಇಳಿಸುತ್ತೇನೆ. ಟ್ಯಾಂಕಿನ ಸುತ್ತಲಿನ ಹೋಲ್ಡ್ ಸ್ಪೇಸನ್ನು ಮರೆಯುವಂತಿಲ್ಲ. ಟೈಪ್ ಎ ಟ್ಯಾಂಕ್ ಸೋರಿದರೆ ದ್ರವ ನಿಲ್ಲುವುದು ಅಲ್ಲೇ, ಅಲ್ಲಿಯೂ ಒಣ ಇನರ್ಟ್ ಗ್ಯಾಸ್ ಇರಲೇಬೇಕು. ಮುಂದಿನ ಸರಕು ಅಮೋನಿಯಾ ಆಗಿದ್ದರೆ ಮಾತ್ರ ಈ ಗ್ಯಾಸ್ ಬಳಸಬಾರದು. ಅದರ ಇಂಗಾಲದ ಡೈಆಕ್ಸೈಡ್ ಅಮೋನಿಯಾ ಜತೆ ಸೇರಿ ಕಾರ್ಬಮೇಟ್ ಎಂಬ ಬಿಳಿ ಪುಡಿಯಾಗಿ ಪೈಪು ಕಟ್ಟುತ್ತದೆ.

ಗ್ಯಾಸ್ ತುಂಬಿಸುವಾಗ ಟರ್ಮಿನಲ್ ಅಥವಾ ಇನ್ನೊಂದು ಹಡಗು ಕೊಟ್ಟ ದ್ರವ ಪ್ರೊಪೇನನ್ನು ವೇಪೊರೈಸರಿನಲ್ಲಿ ಆವಿ ಮಾಡಿ ಟ್ಯಾಂಕಿನ ಬುಡಕ್ಕೆ ಬಿಡುತ್ತೇವೆ. ಪ್ರೊಪೇನ್ ಆವಿ ಗಾಳಿಗಿಂತ ಒಂದೂವರೆ ಪಟ್ಟು ಭಾರ. ನಿಧಾನವಾಗಿ ಬಿಟ್ಟರೆ ನೀರಿನ ಮೇಲೆ ಎಣ್ಣೆ ನಿಂತ ಹಾಗೆ ಇನರ್ಟ್ ಗ್ಯಾಸ್ ಪ್ರೊಪೇನಿನ ಮೇಲೆ ನಿಂತು ಹೊರಹೋಗುತ್ತದೆ. 25 ಡಿಗ್ರಿಯಲ್ಲಿ ಪ್ರೊಪೇನ್ ಆವಿ ಘನ ಮೀಟರಿಗೆ 1.8 ಕೆಜಿ, ಅಂದರೆ ನಾಲ್ಕೂ ಟ್ಯಾಂಕಿಗೆ ಒಂದು ಸಲ ತುಂಬಲು ಸುಮಾರು 150 ಟನ್. ಅವಸರಪಟ್ಟು ರಭಸವಾಗಿ ಬಿಟ್ಟರೆ ಎರಡೂ ಕಲಸಿಹೋಗುತ್ತವೆ, ಆಗ 150 ಎಂಬುದು 300 ಆದರೂ ಆಶ್ಚರ್ಯವಿಲ್ಲ. ವೇಪೊರೈಸರ್ ಆವಿಯನ್ನು ತೀರಾ ಬಿಸಿ ಮಾಡಿದರೂ ಇದೇ ಗತಿ, ಬಿಸಿ ಆವಿ ಹಗುರವಾಗಿ ಮೇಲೇರಿ ಬೆರೆಯುತ್ತದೆ.

ಪ್ರೊಪೇನ್ ಉಳಿಸಲು ಟ್ಯಾಂಕುಗಳನ್ನು ಸಾಲಾಗಿ ಜೋಡಿಸುತ್ತೇನೆ. ಒಂದರ ಮೇಲಿನಿಂದ ಹೊರಟದ್ದು ಮುಂದಿನದರ ಬುಡಕ್ಕೆ, ಕೊನೆಯ ಟ್ಯಾಂಕಿನಿಂದ ಮಾತ್ರ ವೆಂಟ್ ಮಾಸ್ಟಿಗೆ (ಆವಿ ಹೊರಬಿಡುವ ಎತ್ತರದ ಕೊಳವೆ) ಅಥವಾ ದಡದಲ್ಲಿ ಗ್ಯಾಸ್ ಸುಟ್ಟುಹಾಕುವ ಫ್ಲೇರಿಗೆ. ವೆಂಟ್ ಮಾಸ್ಟಿನಿಂದ ಬಿಡುವುದಾದರೆ ತೆರೆದ ಸಮುದ್ರದಲ್ಲಿ, ಹಡಗಿಗೆ ಅಡ್ಡಗಾಳಿ ಇದ್ದಾಗ. ಗಾಳಿ ಸತ್ತ ಹೊತ್ತಿನಲ್ಲಿ ಬಿಟ್ಟರೆ ಭಾರದ ಆವಿ ನೆಟ್ಟಗೆ ಡೆಕ್ಕಿಗೇ ಇಳಿಯುತ್ತದೆ. ಗುಡುಗು ಮಿಂಚು ಕಂಡರೆ ಕೆಲಸ ಬಂದ್. ಇನ್ನೊಂದು ಮಾತು: ಮನೆ ಸಿಲಿಂಡರಿನ ವಾಸನೆ ಇಲ್ಲಿರುವುದಿಲ್ಲ. ಮರ್‌ಕ್ಯಾಪ್ಟನ್ ಬೆರೆಸುವುದು ಸಾಮಾನ್ಯವಾಗಿ ದಡಕ್ಕೆ ಬಂದ ಮೇಲೆ. ಹೊಸ ಹುಡುಗರು ಮೂಗು ನಂಬಿ ಓಡಾಡದಂತೆ ಕೈಗೊಂದು ಮೀಟರ್ ಕೊಟ್ಟೇ ಡೆಕ್ಕಿಗೆ ಬಿಡುವುದು.

ಮೀಟರಿನಲ್ಲೂ ಒಂದು ಎಡವಟ್ಟಿದೆ. ಸ್ಫೋಟಕ ಮಿತಿ ತೋರಿಸುವ ಸಾಮಾನ್ಯ ಕೆಟಲಿಟಿಕ್ ಮೀಟರಿಗೆ ಕೆಲಸ ಮಾಡಲು ಆಮ್ಲಜನಕ ಬೇಕು. ಇನರ್ಟ್ ಟ್ಯಾಂಕಿನ ಸ್ಯಾಂಪಲ್ ಕೊಟ್ಟರೆ ಅದು ಸೊನ್ನೆಯನ್ನೂ ತೋರಿಸೀತು. ಇಲ್ಲಿ ಬೇಕಾದದ್ದು ಪ್ರೊಪೇನನ್ನು ಪ್ರತಿಶತದಲ್ಲಿ ಅಳೆಯುವ ಇನ್‌ಫ್ರಾರೆಡ್ ಮೀಟರ್. ಮೇಲೆ, ನಡುವೆ, ಬುಡದಲ್ಲಿ ಮೂರೂ ಕಡೆ ಅಳೆಯುತ್ತೇವೆ. ಬುಡದಲ್ಲಿ ನೂರರ ಹತ್ತಿರ, ಮೇಲೆ ಇನ್ನೂ ನಾಲ್ಕೋ ಐದೋ ಇದ್ದರೆ ಪದರ ಚೆನ್ನಾಗಿ ನಿಂತಿದೆ. ಮೂರೂ ಕಡೆ 40, 45 ಎಂದು ಬರುತ್ತಿದ್ದರೆ ಕಲಸಿಹೋಗಿದೆ, ವೇಗ ತಗ್ಗಿಸಬೇಕು. ಮೇಲಿನ ಸ್ಯಾಂಪಲ್ 95 ದಾಟುವ ತನಕ ನಾನು ರೀಲಿಕ್ವಿಫ್ಯಾಕ್ಷನ್ ಪ್ಲಾಂಟಿನ ಕಂಪ್ರೆಸರ್ ಮುಟ್ಟಿಸುವುದಿಲ್ಲ. ಉಳಿದ ಸಾರಜನಕ ಕಂಡೆನ್ಸರಿನಲ್ಲಿ ದ್ರವವಾಗದೆ ಅಲ್ಲೇ ಕೂತು ಒತ್ತಡ ಏರಿಸುತ್ತದೆ. ಕೊಲ್ಲಿಯ ಬೇಸಿಗೆಯಲ್ಲಿ ಕಂಡೆನ್ಸರನ್ನು ತಣಿಸುವ ಸಮುದ್ರದ ನೀರೇ 33, 34 ಡಿಗ್ರಿ, ಶುದ್ಧ ಪ್ರೊಪೇನಿಗೇ ಕಂಡೆನ್ಸರ್ 13 ಬಾರ್ ಆಸುಪಾಸು ನಡೆಯುತ್ತದೆ. ಅದರ ಮೇಲೆ ಸಾರಜನಕವೂ ಸೇರಿದರೆ ಹೈ ಪ್ರೆಶರ್ ಟ್ರಿಪ್ ಗ್ಯಾರಂಟಿ. ಈಥೇನ್ ಮಾಡುವ ತೊಂದರೆಯೂ ಇದೇ ಜಾತಿಯದು: ಮೈನಸ್ 42ರಲ್ಲಿ ಅದರ ಆವಿ ಒತ್ತಡ ಪ್ರೊಪೇನಿನದಕ್ಕಿಂತ ಏಳು ಪಟ್ಟು, ದ್ರವದಲ್ಲಿ ಎರಡೇ ಪ್ರತಿಶತ ಇದ್ದರೂ ಕಂಪ್ರೆಸರಿಗೆ ಬರುವ ಆವಿಯಲ್ಲಿ 14ರ ಸುಮಾರು. ಟರ್ಮಿನಲ್ ಕೊಡುವ ಸರ್ಟಿಫಿಕೇಟಿನಲ್ಲಿ ನಾನು ಮೊದಲು ಓದುವ ಸಾಲು ಅದು.

ತಣಿಸುವಾಗ ದ್ರವವನ್ನು ಸ್ಪ್ರೇ ಲೈನಿನಿಂದ ಸಿಂಪಡಿಸುವುದು, ಎದ್ದ ಆವಿಯನ್ನು ಕಂಪ್ರೆಸರ್ ಎಳೆದು ಮತ್ತೆ ದ್ರವ ಮಾಡುವುದು. ಗಂಟೆಗೆ 10 ಡಿಗ್ರಿಗಿಂತ ವೇಗ ಬೇಡ. ಹಡಗಿನ ಕೈಪಿಡಿ ಇನ್ನೂ ಕಡಿಮೆ ಹೇಳಿದರೆ ಅದೇ ಸರಿ. ಸ್ಪ್ರೇಯನ್ನು ಎಷ್ಟು ತೆರೆಯಬೇಕೆಂದು ತೀರ್ಮಾನಿಸುವುದು ಟ್ಯಾಂಕಿನ ಒತ್ತಡ. 0.15 ಬಾರ್ ದಾಟಿದ ಕೂಡಲೇ ತಗ್ಗಿಸುತ್ತೇನೆ. ಟ್ಯಾಂಕ್ ಕುಗ್ಗುತ್ತಾ ತನ್ನ ಮರದ ಆಸರೆಗಳ ಮೇಲೆ ಜರುಗುವಾಗ ದೊಡ್ಡ ಸದ್ದು ಬರುತ್ತದೆ, ಗಾಬರಿ ಬೇಡ.

ಗಾಬರಿಪಡಬೇಕಾದದ್ದು ಹೋಲ್ಡಿನ ಒತ್ತಡಕ್ಕೆ. ಟ್ಯಾಂಕ್ ತಣಿದಂತೆ ಸುತ್ತಲಿನ ಇನರ್ಟ್ ಗ್ಯಾಸ್ ಕೂಡ ತಣಿಯುತ್ತದೆ. ಮುಚ್ಚಿದ ಹೋಲ್ಡ್ 30ರಿಂದ ಸೊನ್ನೆಗೆ ಇಳಿದರೆ ಒತ್ತಡ ಸುಮಾರು 100 ಮಿಲಿಬಾರ್ ಬೀಳುತ್ತದೆ. ಅದಕ್ಕೆ ಬಹಳ ಮುಂಚೆಯೇ ವ್ಯಾಕ್ಯೂಮ್ ವಾಲ್ವ್ ತೆರೆದು ಹೊರಗಿನ ತೇವದ ಗಾಳಿ ಒಳನುಗ್ಗುತ್ತದೆ, ಇನ್ಸುಲೇಷನ್ ಮೇಲೆ ಮಂಜು ಕಟ್ಟುತ್ತದೆ, ಹೋಲ್ಡ್ ಇನರ್ಟ್ ಆಗಿಯೂ ಉಳಿಯುವುದಿಲ್ಲ. ಆದ್ದರಿಂದ ತಣಿಸುವಷ್ಟು ಹೊತ್ತೂ ಇನರ್ಟ್ ಗ್ಯಾಸ್ ಪ್ಲಾಂಟ್ ಸಿದ್ಧವಿರಬೇಕು, ಹೋಲ್ಡಿಗೆ ಆಗಾಗ ಒಣ ಗ್ಯಾಸ್ ತುಂಬುತ್ತಿರಬೇಕು.

ಮೈನಸ್ 20ರ ಹತ್ತಿರ ಒಮ್ಮೆ ನಿಲ್ಲಿಸಿ ಪಂಪ್‌ಮನ್ ಜತೆ ಡೆಕ್ ಸುತ್ತುತ್ತೇನೆ. ಚಳಿಗೆ ಫ್ಲೇಂಜಿನ ಬೋಲ್ಟುಗಳು ಸಡಿಲವಾಗಿರುತ್ತವೆ, ಸೋಪಿನ ನೀರು ನಿಲ್ಲುವ ಜಾಗದಲ್ಲಿ ಅದು, ಹೆಪ್ಪುಗಟ್ಟುವ ಜಾಗದಲ್ಲಿ ಮೀಟರ್ ಹಿಡಿದು ನೋಡಿ ಬಿಗಿಸುತ್ತೇವೆ. ವಾಲ್ವುಗಳನ್ನೆಲ್ಲ ಒಮ್ಮೆ ತೆರೆದು ಮುಚ್ಚುವುದು, ತುರ್ತು ನಿಲುಗಡೆಯ (ಇಎಸ್‌ಡಿ) ವಾಲ್ವುಗಳು 30 ಸೆಕೆಂಡಿನೊಳಗೆ ಮುಚ್ಚುತ್ತವೆಯೇ ಎಂದು ಗಡಿಯಾರ ಹಿಡಿದು ನೋಡುವುದು. ಡೀಪ್‌ವೆಲ್ ಪಂಪಿನ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡದೆ ಸ್ವಿಚ್ ಹಾಕಬಾರದು. ಬಿಗಿಯೆನಿಸಿದರೆ ಮಂಜುಗಡ್ಡೆ ಕರಗಿಸಲು ಸ್ವಲ್ಪ ಮೆಥನಾಲ್ ಬಿಟ್ಟು, ಕಾದು, ಮತ್ತೆ ತಿರುಗಿಸಬೇಕು. ಸರಕಿನಲ್ಲಿ ಮೆಥನಾಲ್ ಎಷ್ಟಿರಬಹುದೆಂದು ಖರೀದಿದಾರರ ಮಿತಿ ಇರುತ್ತದೆ, ಬಿಟ್ಟ ಪ್ರತಿ ಲೀಟರೂ ಪುಸ್ತಕದಲ್ಲಿ ಬರೆದಿರಲಿ.

ಟ್ಯಾಂಕಿನ ಬುಡ ಮೈನಸ್ 40 ಮುಟ್ಟಿ, ಸಣ್ಣಗೆ ದ್ರವ ನಿಲ್ಲತೊಡಗಿದರೆ ಲೋಡಿಂಗ್ ಶುರುಮಾಡಬಹುದು. ಆಗಲೂ 98 ಪ್ರತಿಶತ ತುಂಬುವಂತಿಲ್ಲ, ದ್ರವ ಬಿಸಿಯಾಗಿ ಹಿಗ್ಗಿದ ಮೇಲೂ ಆ 98 ದಾಟಬಾರದು. ಸೇಫ್ಟಿ ವಾಲ್ವ್ ತೆರೆಯುವ ಉಷ್ಣತೆಯಲ್ಲಿ ಪ್ರೊಪೇನಿನ ಸಾಂದ್ರತೆ ಘನ ಮೀಟರಿಗೆ 575 ಕೆಜಿ, ಲೋಡಿಂಗ್ ಉಷ್ಣತೆಯಲ್ಲಿ 581. 98 ಗುಣಿಸು 575 ಭಾಗಿಸು 581, ಅಂದರೆ 97. ಸರಕು ಇನ್ನೂ ತಣ್ಣಗಿದ್ದರೆ ಇನ್ನೂ ಕಡಿಮೆ.

ಮುಂದಿನ ಸರಕೂ ಎಲ್‌ಪಿಜಿಯೇ ಆದರೆ ಇಳಿಸುವಾಗ ಟ್ಯಾಂಕ್ ಪೂರ್ತಿ ಬರಿದು ಮಾಡುವುದಿಲ್ಲ. ಬುಡದಲ್ಲಿ ಒಂದಿಷ್ಟು ದ್ರವ ಉಳಿಸಿಕೊಂಡು, ಖಾಲಿ ಹಡಗು ಕೊಲ್ಲಿಗೆ ಮರಳುವ ದಾರಿಯಲ್ಲಿ ಅದನ್ನೇ ಸಿಂಪಡಿಸುತ್ತಾ ಟ್ಯಾಂಕನ್ನು ತಣ್ಣಗೇ ಇಡುತ್ತೇವೆ. ಬೂಟೇನ್ ಇಳಿಸಿ ಪ್ರೊಪೇನ್ ತುಂಬಬೇಕಾದಾಗ ಮಾತ್ರ ಈ ಉಪಾಯ ಅರ್ಧವೇ ಫಲಿಸುತ್ತದೆ: ಬೂಟೇನ್ ಕುದಿಯುವುದೇ ಮೈನಸ್ ಅರ್ಧ ಡಿಗ್ರಿಯಲ್ಲಿ, ಅಲ್ಲಿಂದ ಕೆಳಗಿನ 40 ಡಿಗ್ರಿಯನ್ನು ಟರ್ಮಿನಲ್ಲಿನಲ್ಲಿ ಪ್ರೊಪೇನ್ ಸಿಂಪಡಿಸಿಯೇ ಇಳಿಸಬೇಕು. ಬರ್ತ್ ಸಮಯ ಕೇಳುವಾಗ ಆ ಗಂಟೆಗಳನ್ನೂ ಸೇರಿಸಿಯೇ ಬರೆಯುತ್ತೇನೆ.