ಮೂಲ ಫೋಟೊ ಕೆಡದಂತೆ ಎಡಿಟ್ ಮಾಡುವುದು ಹೇಗೆ?

4000×3000 ಪಿಕ್ಸೆಲ್‌ನ ಮದುವೆ ಫೋಟೊವೊಂದನ್ನು ಸ್ಟೇಟಸ್‌ಗೆ ಹಾಕಲು 1080×810ಕ್ಕೆ ಇಳಿಸಿ, ಸುಮ್ನೆ ‘ಸೇವ್’ ಒತ್ತಿದಿರಿ ಅನ್ನಿ. ಹಳೆಯ ಫೈಲ್ ಹೋಯಿತು, ಅದರ ಜಾಗಕ್ಕೆ ಚಿಕ್ಕದು ಬಂತು. ಮುಂದೆ ಅದಕ್ಕೆ ಫ್ರೇಮ್ ಹಾಕಿಸಬೇಕು ಅನ್ನಿಸಿದರೆ, 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 3.6 ಇಂಚು ಅಗಲದ ಪ್ರಿಂಟ್ ಅಷ್ಟೇ ಸಿಗುತ್ತದೆ. ಮೂಲ ಫೈಲ್ ಇದ್ದಿದ್ದರೆ 13 ಇಂಚಿಗೂ ಸಾಲುತ್ತಿತ್ತು.

ಮೊದಲ ಕೆಲಸ, ಕ್ಯಾಮೆರಾದ ಮೆಮೊರಿ ಕಾರ್ಡ್ ಅಥವಾ ಮೊಬೈಲ್‌ನಿಂದ ಫೋಟೊಗಳನ್ನು ‘ಮೂಲ’ ಎಂಬ ಫೋಲ್ಡರ್‌ಗೆ ಕಾಪಿ ಮಾಡಿ. ಇನ್ನೊಂದು ಕಾಪಿ ಬೇರೆ ಹಾರ್ಡ್ ಡಿಸ್ಕ್‌ನಲ್ಲಿರಲಿ. ಒಂದೇ ಡಿಸ್ಕ್‌ನಲ್ಲಿ ಎರಡು ಕಾಪಿ ಇದ್ದರೆ ಡಿಸ್ಕ್ ಕೆಟ್ಟಾಗ ಎರಡೂ ಹೋಗುತ್ತವೆ, ಅಲ್ವಾ? ನಾಲ್ಕಾರು ಫೋಟೊ ತೆರೆದು ನೋಡಿದ ಮೇಲೆಯೇ ಕಾರ್ಡ್ ಫಾರ್ಮ್ಯಾಟ್ ಮಾಡಿ.

ವಿಂಡೋಸ್‌ನಲ್ಲಿ ಮೂಲ ಫೈಲುಗಳನ್ನು ಆಯ್ದು, ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್‌’ನಲ್ಲಿ ‘ರೀಡ್ ಓನ್ಲಿ’ಗೆ ಟಿಕ್ ಹಾಕಿ. ಅವಸರದಲ್ಲಿ ಸೇವ್ ಒತ್ತಿದರೂ ಬಹುತೇಕ ಸಾಫ್ಟ್‌ವೇರ್‌ಗಳು ಅವುಗಳ ಮೇಲೆ ಬರೆಯುವುದಿಲ್ಲ.

ಇನ್ನು ಎಡಿಟಿಂಗ್. ಇಲ್ಲಿ ಜೆಪೆಗ್‌ನ, ಅಂದರೆ ಸಾಮಾನ್ಯವಾಗಿ ಫೋಟೊ ಸೇವ್ ಆಗುವ ಫೈಲ್ ಮಾದರಿಯ, ಗುಣ ತಿಳಿದಿರಬೇಕು. ಎಡಿಟ್ ಮಾಡಿ ಸೇವ್ ಮಾಡಿದಾಗಲೆಲ್ಲ ಅದು ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದು ವಾಪಸ್ ಬರುವುದಿಲ್ಲ. ಕಡಿಮೆ ಕ್ವಾಲಿಟಿಯಲ್ಲಿ ಸೇವ್ ಮಾಡಿದ ಫೋಟೊವನ್ನು ದೊಡ್ಡದು ಮಾಡಿ, ಸೀರೆಯ ಜರಿ ಅಂಚನ್ನೇ ನೋಡಿ. ಎಳೆಗಳ ಸುತ್ತ ಕಲೆ ಕಲೆಯಾಗಿ ಕಾಣುತ್ತದೆ. ಆದರೆ ಫೈಲನ್ನು ತೆರೆದು ನೋಡುವುದರಿಂದ, ಕಾಪಿ ಮಾಡುವುದರಿಂದ ಏನೂ ಆಗುವುದಿಲ್ಲ.

ಆದ್ದರಿಂದ ‘ಮೂಲ’ ಫೋಲ್ಡರ್‌ನ ಫೋಟೊವನ್ನು ಬೇರೆ ಕಡೆ ಕಾಪಿ ಮಾಡಿ, ಆ ಕಾಪಿ ತೆರೆದು ಕೆಲಸ ಮಾಡಿ. ಉಚಿತವಾಗಿ ಸಿಗುವ ಎಡಿಟಿಂಗ್ ಸಾಫ್ಟ್‌ವೇರ್ ಜಿಂಪ್‌ನಲ್ಲಿ ‘ಸೇವ್’ ಕೊಟ್ಟರೆ ಅದರದ್ದೇ ಆದ ಎಕ್ಸ್‌ಸಿಎಫ್ ಫೈಲ್ ಆಗುತ್ತದೆ, ಲೇಯರ್‌ಗಳು (ಒಂದರ ಮೇಲೊಂದು ಇಟ್ಟ ಚಿತ್ರದ ಪದರಗಳು) ಹಾಗೇ ಉಳಿಯುತ್ತವೆ. ನಾಳೆ ತಿದ್ದಬೇಕಾದರೆ ಇದನ್ನೇ ತೆರೆಯಿರಿ. ಕೆಲಸ ಮುಗಿದ ಮೇಲೆ ‘ಎಕ್ಸ್‌ಪೋರ್ಟ್ ಆ್ಯಸ್’ ಕೊಟ್ಟು ಜೆಪೆಗ್ ಮಾಡಿಕೊಳ್ಳಿ. ಫೈಲಿನ ಹಳೆಯ ನಂಬರ್ ಬದಲಿಸಬೇಡಿ, ಕೊನೆಗೆ ‘ಎಡಿಟ್’ ಅಂತ ಸೇರಿಸಿ. ಮೂಲ ಯಾವುದೆಂದು ಹುಡುಕುವುದು ಸುಲಭ. ‘ಫೈಲ್’ ಮೆನುವಿನಲ್ಲಿರುವ, ತೆರೆದ ಫೈಲಿನ ಮೇಲೆಯೇ ಬರೆಯುವ ‘ಓವರ್‌ರೈಟ್’ ಮಾತ್ರ ಒತ್ತಲೇಬೇಡಿ.

ರಾ ಫೈಲ್ (ಕ್ಯಾಮೆರಾ ಸೆನ್ಸರ್ ಕಂಡದ್ದನ್ನು ಜೆಪೆಗ್ ಮಾಡದೆ ಹಾಗೇ ಇಟ್ಟ ಫೈಲ್) ಆದರೆ ಈ ತಲೆನೋವು ಕಡಿಮೆ. ಡಾರ್ಕ್‌ಟೇಬಲ್‌ನಂಥ ಸಾಫ್ಟ್‌ವೇರ್ ಫೋಟೊವನ್ನು ಮುಟ್ಟುವುದೇ ಇಲ್ಲ. ನಿಮ್ಮ ಬದಲಾವಣೆಗಳನ್ನು ಪಕ್ಕದಲ್ಲೇ ಒಂದು ಪುಟ್ಟ ಎಕ್ಸ್‌ಎಂಪಿ ಫೈಲಿನಲ್ಲಿ ಬರೆದಿಡುತ್ತದೆ. ಬ್ಯಾಕಪ್ ಮಾಡುವಾಗ ಅದನ್ನೂ ಸೇರಿಸಿಕೊಳ್ಳಿ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದನ್ನು ಮೂಲ ಎಂದುಕೊಳ್ಳಬೇಡಿ. ಗಾತ್ರ ಇಳಿದಿರುತ್ತದೆ, ತೆಗೆದ ದಿನಾಂಕ, ಕ್ಯಾಮೆರಾ ವಿವರವೂ ಹೋಗಿರುತ್ತದೆ. ನೆಂಟರ ಬಳಿ ಒಳ್ಳೆಯ ಫೋಟೊ ಇದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ.